ಹಿಟ್ಟಿನ ಗುಳಿಗೆ

ಡಾಕ್ಟರ್ ಯೆರನುಹಿ ಗುಳಿಗೆಯನ್ನು ಹೆಬ್ಬೆರಳಿನ ಉಗುರಿನಿಂದ ಒತ್ತಿದರು. ಅದು ಟಕ್ಕೆಂದು ಎರಡು ಹೋಳಾಯಿತು. ಮೂಸಿದರು. ಕನ್ನಡಕವನ್ನು ಹಣೆಗೇರಿಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ನರ್ಸ್ ಬೇಡ ಎನ್ನುವಷ್ಟರಲ್ಲಿ ಒಂದು ಹೋಳನ್ನು ನಾಲಿಗೆಯ ತುದಿಗೆ ಮುಟ್ಟಿಸಿಕೊಂಡೇ ಬಿಟ್ಟರು.

"ಇದು ರೊಟ್ಟಿ ಕಣಮ್ಮ," ಎಂದರು.

ನನಗೆ ಮಾತು ಕೇಳಿಸಿತು, ತಲೆಗೆ ಹೋಗಲಿಲ್ಲ. ಮೂರು ದಿನದಿಂದ ಜ್ವರದಲ್ಲಿ ಬೇಯುತ್ತಿದ್ದೆ. ಮೊಣಕಾಲುಗಳನ್ನು ಎದೆಗೆ ಎಳೆದುಕೊಂಡು, ಉಸಿರನ್ನು ಚೂರುಚೂರಾಗಿ ಎಳೆಯುತ್ತ ಯೆರೆವಾನಿನ ಹೆರಿಗೆ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಬಿದ್ದಿದ್ದೆ. ಹೊಟ್ಟೆಯಲ್ಲಿ ಐದು ತಿಂಗಳ ಮಗು. ಅದರ ಸುತ್ತ ನಮ್ಮ ವಂಶದ ಬೆಂಕಿ. ಬೆಳಿಗ್ಗೆಯಿಂದ ಗರ್ಭಕೋಶ ಗಂಟೆಗೆ ಆರು ಸಲ ಕಲ್ಲಿನಂತೆ ಬಿಗಿಯುತ್ತಿತ್ತು. ಹೀಗೇ ಬಿಗಿಯುತ್ತ ಹೋದರೆ ಮಗು ಹೊರಗೆ ಬರುತ್ತದೆ, ಬಂದರೆ ಉಳಿಯುವುದಿಲ್ಲ ಎಂದು ಡಾಕ್ಟರ್ ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಈ ಬೆಂಕಿಗೆ ನಮ್ಮ ಜನ ಯೆರೆವಾನ್ ಕಾಯಿಲೆ ಎನ್ನುತ್ತಾರೆ. ನಮ್ಮ ವಠಾರದ ಒಂದು ಮೆಟ್ಟಿಲಸಾಲಿನಲ್ಲೇ ಮೂವರಿದ್ದೇವೆ. ರಕ್ತದಲ್ಲಿ ಬರುತ್ತದೆ, ಅಂಟುವುದಿಲ್ಲ. ಯಾವಾಗಲೋ ಎದ್ದು ಎರಡು ಮೂರು ದಿನ ಹೊಟ್ಟೆಯನ್ನೋ ಎದೆಯನ್ನೋ ಸುಟ್ಟು, ಹೇಳದೆ ಕೇಳದೆ ಹೊರಟುಹೋಗುತ್ತದೆ. ಏಳದಂತೆ ಮಲಗಿಸಿಡುವುದಕ್ಕೆ ಇರುವುದು ಒಂದು ಸಣ್ಣ ಗುಳಿಗೆ. ದಿನಕ್ಕೆ ಎರಡು, ಬದುಕಿರುವಷ್ಟು ಕಾಲ.

"ನಿಜ ಹೇಳಿ ನಾಝೆಲಿ," ಡಾಕ್ಟರ್ ಮಂಚದ ಅಂಚಿಗೆ ಕೂತರು. "ಬಸಿರಾದ ಮೇಲೆ ಹೆದರಿ ಗುಳಿಗೆ ನಿಲ್ಲಿಸಿದ್ರಾ? ತುಂಬಾ ಜನ ನಿಲ್ಲಿಸ್ತಾರೆ. ನಾನು ಬೈಯಲ್ಲ."

"ಒಂದು ಹೊತ್ತೂ ಬಿಟ್ಟಿಲ್ಲ ಡಾಕ್ಟ್ರೇ. ಬೆಳಿಗ್ಗೆ ಒಂದು, ಸಂಜೆ ಒಂದು. ಆಗಸ್ಟ್‌ನಲ್ಲಿ ನೋವು ಬಂದಾಗ ನೀವೇ ಮೂರು ಮಾಡಿದ್ರಲ್ಲ, ಮೂರೂ ತಗೊಂಡಿದೀನಿ."

"ಮೂರು ರೊಟ್ಟಿ ತಗೊಂಡಿದೀರಿ," ಎಂದರು ಡಾಕ್ಟರ್. ಅವರು ನಗಲಿಲ್ಲ.

ಆ ಗುಳಿಗೆಗಳಿದ್ದ ತಗಡಿನ ಡಬ್ಬಿಯನ್ನು ಡಾಕ್ಟರ ಮಾತಿನಂತೆ ಮನೆಯಿಂದ ತಂದವನು ನನ್ನ ಗಂಡ ತಾತುಲ್. ಅವನು ಲಿಫ್ಟ್ ರಿಪೇರಿ ಮಾಡುವವನು; ಯಾವುದು ಕೆಟ್ಟರೂ ಅದಕ್ಕೊಬ್ಬ ಅಪರಾಧಿ ಇದ್ದೇ ಇರುತ್ತಾನೆ ಎಂದು ನಂಬಿದವನು. ಈಗ ಅವನ ಕಿವಿ ಕೆಂಪಗಾಗಿತ್ತು.

"ಆ ಸಿರ್ವಾರ್ದ್," ಎಂದ. "ಕೆಳಗಿನ ಔಷಧಿ ಅಂಗಡಿಯವಳು. ನಕಲಿ ಮಾಲು. ನಾನು ಹೋಗ್ತೀನಿ."

ಡಬ್ಬಿಯನ್ನು ಕಿಸೆಗೆ ತುರುಕಿಕೊಂಡು ಹೊರಟೇ ಹೋದ.

ಗುಳಿಗೆ ಬದಲಾದದ್ದು ನನಗೇಕೆ ತಿಳಿಯಲಿಲ್ಲ ಎಂದು ಯಾರಾದರೂ ಕೇಳಬಹುದು. ಅದನ್ನು ಹೇಳಲು ನನಗೇ ನಾಚಿಕೆ. ನನಗೆ ಆರು ವರ್ಷವಾಗಿದ್ದಾಗ ಅಮ್ಮ ಗಡಿಯಾಚೆಯ ಕ್ರಾಸ್ನೋದಾರ್ ಪಟ್ಟಣಕ್ಕೆ ಕೆಲಸಕ್ಕೆ ಹೋದಳು. ಅಂದಿನಿಂದ ನನ್ನನ್ನು ಸಾಕಿದವಳು ಅಮ್ಮನ ಅಮ್ಮ, ಹೆಘ್ನಾರ್ ಅಜ್ಜಿ. ಮೊದಲ ಸಲ ಬೆಂಕಿ ಎದ್ದು ನಾನು ಕಿರುಚಿಕೊಂಡಾಗ ಅವಳು ಹೇಳಿದಳು: ಹೊಟ್ಟೆಯೊಳಗೆ ಒಂದು ಘಟಸರ್ಪವಿದೆ, ಆರಾರತ್ ಬೆಟ್ಟದಿಂದ ದಾರಿ ತಪ್ಪಿ ಬಂದದ್ದು, ಪಾಪ, ಅದಕ್ಕೆ ಅಮ್ಮ ಇಲ್ಲ. ಅದಕ್ಕೆ ಬೇಕಾದದ್ದು ಒಂದು ಮುತ್ತು ಮತ್ತು ಒಂದಿಷ್ಟು ಏಪ್ರಿಕಾಟ್ ಹಣ್ಣಿನ ಜಾಮು. ಚಮಚದಲ್ಲಿ ಜಾಮು, ಜಾಮಿನೊಳಗೆ ಮುತ್ತು, ಅಂದರೆ ಗುಳಿಗೆ. ನಾನು ಕಣ್ಣು ಮುಚ್ಚಬೇಕು, ಏಕೆಂದರೆ ಸರ್ಪಕ್ಕೆ ನಾಚಿಕೆ. ನಾನು ಕಣ್ಣು ಮುಚ್ಚಿ ಬಾಯಿ ತೆರೆದೆ. ಹೀಗೆ ಇಪ್ಪತ್ತೊಂದು ವರ್ಷ. ಮದುವೆಯಾದ ಮೇಲೂ ಅಷ್ಟೇ, ಏಕೆಂದರೆ ತಾತುಲ್ ನಮ್ಮ ಮನೆಗೇ ಬಂದು ಉಳಿದ. ಬೊಂಬೆಯಾಟದ ರಂಗಮಂದಿರದಲ್ಲಿ ಬೊಂಬೆಗಳ ಮುಖಕ್ಕೆ ಬಣ್ಣ ಹಚ್ಚುವ ನನ್ನ ಕೆಲಸಕ್ಕೆ ಹೊರಡುವ ಮುಂಚೆ ಒಂದು ಚಮಚ, ಬಂದ ಮೇಲೆ ಒಂದು ಚಮಚ. "ನಿನ್ನ ಅಜ್ಜಿಗೆ ನೀನು ಹೆಂಗಸಲ್ಲ ಕಣೇ, ಗುಬ್ಬಚ್ಚಿ ಮರಿ," ಎಂದು ತಾತುಲ್ ಆಡಿಕೊಳ್ಳುತ್ತಿದ್ದ. ಇಪ್ಪತ್ತೇಳರ ಹೆಂಗಸು ತನ್ನ ಬಾಯಿಗೆ ಬೀಳುವುದು ಏನೆಂದು ಒಂದು ದಿನವೂ ನೋಡಲಿಲ್ಲ.

ಮದುವೆಯಾಗಿ ನಾಲ್ಕು ವರ್ಷ ಬಸಿರು ನಿಂತಿರಲಿಲ್ಲ. ನಾನು ಎಷ್ಟೋ ದಿನ ಕೆಲಸದ ಗಡಿಬಿಡಿಯಲ್ಲಿ ಚಮಚ ತಪ್ಪಿಸುತ್ತಿದ್ದೆ. ತಿಂಗಳಿಗೊಮ್ಮೆ ಬೆಂಕಿ ಏಳುತ್ತಿತ್ತು. ಒಳಗೆ ಹೀಗೆ ಉರಿಯುತ್ತಿದ್ದರೆ ಮಗು ಎಲ್ಲಿ ಕೂತುಕೊಳ್ಳಬೇಕು ಎಂದು ಡಾಕ್ಟರ್ ಯೆರನುಹಿ ಕೇಳಿದ್ದರು. ಒಂದು ವರ್ಷ ತಪ್ಪದೆ ನುಂಗಿದೆ. ಬೆಂಕಿ ಆರಿತು, ಜೂನ್‌ನಲ್ಲಿ ಬಸಿರಾಯಿತು. ಗುಡ್ಡದ ಮೇಲಿನ ಗುಡಿಯ ಮರಕ್ಕೆ ತಾನು ಕಟ್ಟಿದ ಬಟ್ಟೆಯ ಚೂರೇ ಇದನ್ನು ಮಾಡಿತೆಂದು ಅಜ್ಜಿ ಎಲ್ಲರಿಗೂ ಹೇಳಿಕೊಂಡು ಬಂದಳು.

ಫೋನು ಗುಯ್‌ಗುಟ್ಟಿತು. ತಾತುಲ್. ಅವನು ನನಗೂ ಕೇಳಲೆಂದು ಫೋನನ್ನು ಅಂಗಡಿಯ ಕಟ್ಟೆಯ ಮೇಲಿಟ್ಟಿದ್ದ. ನರ್ಸ್ ಅದನ್ನು ನನ್ನ ಕಿವಿಯ ಬಳಿ ದಿಂಬಿಗೆ ಒರಗಿಸಿದಳು.

"ಸಿರ್ವಾರ್ದ್ ಅಕ್ಕ, ನೀವು ನಮಗೆ ರೊಟ್ಟಿ ಮಾರಿದೀರಿ."

"ಬೇಕರಿ ಪಕ್ಕದ ಬೀದೀಲಪ್ಪ. ಇಲ್ಲಿ ಸಿಗೋದು ಮಾತ್ರೆ."

"ತಮಾಷೆ ಬೇಡ. ನನ್ನ ಹೆಂಡ್ತಿ ಆಸ್ಪತ್ರೇಲಿ ಸಾಯ್ತಾ ಇದಾಳೆ. ಇದೇನಿದು? ನೋಡಿ. ನಕಲಿ ಮಾಲು ತರಿಸಿ ಜನಕ್ಕೆ ಹಂಚ್ತೀರಲ್ಲ, ಹೊಟ್ಟೆಗೇನು ತಿಂತೀರಿ?"

"ಹೆಂಡ್ತಿ ಮನೇಲಿ ಕಾಲು ಚಾಚ್ಕೊಂಡು ಉಣ್ಣೋನು ನೀನು, ನನ್ನ ಹೊಟ್ಟೆ ವಿಚಾರಿಸ್ತೀಯಾ?" ಸಿರ್ವಾರ್ದಳ ದನಿ ಏರಿತು. "ನಾನು ಕೊಡೋದು ಮುಚ್ಚಿದ ಹಾಳೆ. ಒಂದೊಂದ್ರಲ್ಲಿ ಹತ್ತು. ಬಿಡಿ ಮಾತ್ರೆ ಈ ಅಂಗಡೀಲಿ ಮಾರಿದ್ದೇ ಇಲ್ಲ. ತಾ ಇಲ್ಲಿ."

ಡ್ರಾಯರ್ ಎಳೆದ ಸದ್ದು. ಭೂತಗನ್ನಡಿ ತೆಗೆದಿರಬೇಕು.

"ತಾತುಲ್," ಈಗ ಅವಳ ದನಿ ತಗ್ಗಿತ್ತು. "ಇದು ಯಂತ್ರದ್ದಲ್ಲ. ಬೆರಳಲ್ಲಿ ಉರುಳಿಸಿರೋದು. ಬೆರಳಿನ ಗೆರೆ ಕಾಣ್ತಾ ಇದೆ, ನೋಡು."

"ಯಾರ ಬೆರಳು?"

"ನಂಗೇನು ಗೊತ್ತು. ಆದ್ರೆ ಜುಲೈನಲ್ಲಿ ನಿಮ್ಮ ಹೆಘ್ನಾರ್ ಅಜ್ಜಿ ಬಂದಿದ್ರು. ಈ ಮಾತ್ರೇನ ಯಾವುದ್ರಿಂದ ಮಾಡ್ತಾರೆ ಮಗಳೇ ಅಂತ ಕೇಳಿದ್ರು. ಎಂಬತ್ತರ ಮುದುಕಿಗೆ ಎಷ್ಟು ಆಸಕ್ತಿ ಅಂತ ಖುಷಿಯಾಗಿ ಪುಸ್ತಕ ತೆಗೆದು ಚಿತ್ರಾನೇ ತೋರಿಸ್ದೆ. ನಸುನೇರಳೆ ಹೂವು. ನಮ್ಮ ಕುರುಬರು ನಾಯಿಮದ್ದು ಅಂತಾರಲ್ಲ, ಅದು."

"ಆಮೇಲೆ?"

"ಆಮೇಲೇನು. ಶಿಲುಬೆ ಗುರುತು ಹಾಕ್ಕೊಂಡ್ರು. ಕೂತ್ಕೊಳ್ಳೋಕೆ ಕುರ್ಚಿ ಕೇಳಿದ್ರು. ನೀರು ಕೊಟ್ಟೆ."

ತಾತುಲ್ ಫೋನನ್ನು ಆರಿಸಲಿಲ್ಲ, ಕಿವಿಗೆ ಹಿಡಿದುಕೊಂಡೇ ಅಂಗಡಿಯಿಂದ ಹೊರಬಿದ್ದ. ನನ್ನ ಹೊಟ್ಟೆ ಮತ್ತೆ ಕಲ್ಲಾಯಿತು. ಈ ಸಲ ನೋವು ಎಲ್ಲಿಂದ ಬಂತು, ಬೆಂಕಿಯಿಂದಲೋ ಮಗುವಿನಿಂದಲೋ ಆ ಮಾತಿನಿಂದಲೋ, ಹೇಳಲಾರೆ. ನಾನು ಮುಂಗೈ ಕಚ್ಚಿಕೊಂಡೆ.

ಅಜ್ಜಿ ಎಲ್ಲೋ ದೂರ ಇರಲಿಲ್ಲ. ಬಾಗಿಲ ಹೊರಗೆ ಬೆಂಚಿನ ಮೇಲೆ ಮೂರು ದಿನದಿಂದ ಕೂತಿದ್ದಳು, ಮಡಿಲಲ್ಲಿ ಹುಳಿಸೊಪ್ಪಿನ ಸಾರಿನ ಜಾಡಿ ಇಟ್ಟುಕೊಂಡು. ಪ್ರತಿ ಸಲ ಬಾಗಿಲು ತೆರೆದಾಗ ಅವಳ ದನಿ ಒಳಗೆ ಬರುತ್ತಿತ್ತು: "ನಿನ್ನ ನೋವು ನನಗೆ ಬರಲಿ, ಕಂದ." ಎಲ್ಲರೂ ಆಡುವ ಮಾತು; ಬಸ್ಸಿನಲ್ಲಿ ಜಾಗ ಬಿಟ್ಟುಕೊಟ್ಟವರಿಗೂ ನಾವು ಹಾಗೆ ಹೇಳುತ್ತೇವೆ. ಅವಳು ಹೇಳಿದಾಗ ಮಾತ್ರ ನನಗೆ ಯಾವಾಗಲೂ ಅದು ನಿಜವೆನಿಸಿತ್ತು.

"ಅವರನ್ನ ಒಳಗೆ ಕರೀರಿ," ಎಂದರು ಡಾಕ್ಟರ್.

ಅಜ್ಜಿ ಬಂದಳು. ಕಪ್ಪು ತಲೆವಸ್ತ್ರ, ಅರಗಾತ್ಸ್ ಬೆಟ್ಟದ ಹಳ್ಳಿಯಿಂದ ತಂದ ಅದೇ ಉಣ್ಣೆಯ ಕೋಟು. ನನ್ನ ಹಣೆ ಮುಟ್ಟಲು ಬಂದ ಅವಳ ಕೈಯನ್ನು ನಾನು ತಳ್ಳಿದೆ. ಜೀವನದಲ್ಲಿ ಮೊದಲ ಸಲ.

"ಅಜ್ಜಿ, ಗುಳಿಗೆ ನೀನು ಮಾಡಿದ್ಯಾ?"

ಸುಳ್ಳು ಹೇಳುತ್ತಾಳೆಂದು ಕಾದೆ. ಹೇಳಲಿ ಎಂದು ಒಳಗೊಳಗೇ ಬೇಡಿಕೊಂಡೆ.

"ಹೂಂ," ಎಂದಳು. "ಲವಾಶ್ ರೊಟ್ಟಿಯ ಹಿಟ್ಟು. ಒಲೆ ಮೇಲೆ ಒಣಗಿಸ್ದೆ. ಒಂದು ವಾರಕ್ಕೆ ಆಗೋವಷ್ಟು ಭಾನುವಾರ ಮಾಡ್ಕೊಳ್ತಿದ್ದೆ, ನೀವಿಬ್ರೂ ಹೊರಗೆ ಹೋದಾಗ."

"ನಿಜವಾದ್ದು?"

"ಎಲ್ಲಾ ಹಾಗೇ ಇದೆ. ಔಷಧಿ ಎಸೆದ್ರೆ ಪಾಪ. ನನ್ನ ಹಾಸಿಗೆ ಕೆಳಗಿದೆ."

ಹೀಗೆ ಹೇಳಿದಳು, ಉಪ್ಪಿನಕಾಯಿ ಎಲ್ಲಿಟ್ಟಿದೆ ಎಂದು ಹೇಳುವಷ್ಟು ಸಲೀಸಾಗಿ. ನನಗೆ ಕೂಗಬೇಕೆನಿಸಿತು, ಕೂಗಲು ಬೇಕಾದ ಉಸಿರು ಇರಲಿಲ್ಲ.

"ಯಾಕೆ ಅಜ್ಜಿ?" ಎಂದು ಕೇಳಿದವರು ಡಾಕ್ಟರ್.

ಅಜ್ಜಿ ಅವರತ್ತ ತಿರುಗಿದಳು. "ನೀನು ಓದಿದವಳು ಮಗಳೇ. ನಾನು ನೋಡಿದವಳು. ನನಗೆ ಆಗ ಹತ್ತೊಂಬತ್ತು. ಆ ವರ್ಷ ಹುಲ್ಲಿನ ಬಣವೆ ಬೇಗ ಮುಗೀತು. ಹಿಮ ಪೂರ್ತಿ ಕರಗೋಕೆ ಮುಂಚೇನೇ ನನ್ನ ಮಾವ ಕುರಿಗಳನ್ನ ಬಿಟ್ಟ. ಇಡೀ ಇಳಿಜಾರಲ್ಲಿ ಹಸಿರು ಅಂತ ಇದ್ದದ್ದು ಅದೊಂದೇ, ಆ ನಾಯಿಮದ್ದಿನ ಎಲೆ. ಎಲ್ಲಾ ಗಬ್ಬದ ಕುರಿಗಳು. ತಿಂದವು. ಮೂರು ದಿನದಲ್ಲಿ ಹನ್ನೊಂದು ಕುರಿ ಮರಿ ಹಾಕಿದ್ವು, ಉಣ್ಣೆ ಇಲ್ಲದ ಮರಿಗಳು. ಕಣ್ಣು ಇನ್ನೂ ಅಂಟಿಕೊಂಡಿದ್ವು. ನಾನು ಅವನ್ನ ಬುಟ್ಟೀಲಿ ಹೊತ್ತು ಹೋಗಿ ಹೂತೆ. ಈ ಕೈಲಿ." ಕೈ ತೋರಿಸಿದಳು. "ಇಪ್ಪತ್ತೊಂದು ವರ್ಷ ಇದೇ ಕೈಲಿ ಈ ಹುಡುಗಿಗೆ ಅದನ್ನೇ ತಿನ್ನಿಸ್ದೆ, ಗೊತ್ತಿಲ್ದೆ. ಆಗ ಅವಳೊಬ್ಬಳೇ ಇದ್ದಳು, ಆಯ್ತು. ಈಗ ಗಬ್ಬ. ಗೊತ್ತಾದ ಮೇಲೂ ತಿನ್ನಿಸ್ಲಾ?"

ಆ ಮರಿಗಳು ನನ್ನ ಕಣ್ಣ ಮುಂದೆ ಬಂದವು. ಕಥೆ ಕೇಳಿ ಬೆಳೆದವಳ ಶಾಪ ಇದು; ಹೇಳಿದ್ದೆಲ್ಲ ಕಾಣುತ್ತದೆ. ಒಂದು ಕ್ಷಣ, ದೇವರೇ, ಅವಳು ಮಾಡಿದ್ದೇ ಸರಿ ಎನಿಸಿಬಿಟ್ಟಿತು.

ಡಾಕ್ಟರ್ ಬೈಯಲಿಲ್ಲ. ನನ್ನ ಕಡತದಿಂದ ಒಂದು ಹಾಳೆ ಎಳೆದು ಮೊಣಕಾಲ ಮೇಲಿಟ್ಟುಕೊಂಡರು. ಅದರಲ್ಲಿ ನಮ್ಮ ಮನೆತನದ ಚಿತ್ರವಿತ್ತು, ಹೆಂಗಸರಿಗೆ ವೃತ್ತ, ಗಂಡಸರಿಗೆ ಚೌಕ. ಅಜ್ಜಿಯ ವೃತ್ತದ ಕೆಳಗೆ ಅಮ್ಮನದು ಮಾತ್ರ.

"ಅಜ್ಜಿ, ನಿಮಗೂ ಈ ನೋವು ಇತ್ತಾ?"

"ಹಳ್ಳೀಲಿ ಯಾರಿಗಿರಲಿಲ್ಲ? ಹೆಂಗಸರ ಹೊಟ್ಟೆನೋವು ಅಂತಿದ್ರು. ಮಲಗಿದ್ರೆ ಅತ್ತೆ ಸೋಮಾರಿ ಅಂತಿದ್ಲು. ಅದಕ್ಕೆ ಕೊಟ್ಟಿಗೇಲಿ ಮಲಗ್ತಿದ್ದೆ, ಹಸು ಪಕ್ಕ. ಈಗ್ಲೂ ಬರುತ್ತೆ."

"ಈಗ್ಲೂನಾ?" ಎಂದೆ. ನನಗೆ ಗೊತ್ತೇ ಇರಲಿಲ್ಲ. ತಂಗಿಯನ್ನು ನೋಡಲು ಹೋಗುತ್ತೇನೆಂದು ಅವಳು ಆಗಾಗ ಮೂರು ದಿನ ಹಳ್ಳಿಗೆ ಹೋಗುವುದು ಗೊತ್ತಿತ್ತು.

"ಎಷ್ಟು ಸಲ ಬಸಿರಾಗಿದ್ರಿ?"

ಅಜ್ಜಿ ಜಾಡಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳು.

"ಐದು."

ಡಾಕ್ಟರ ಪೆನ್ನು ನಿಂತಿತು. "ಉಳಿದದ್ದು?"

"ಇವಳಮ್ಮ. ಕೊನೇದು. ಮುಶೆಘ್ ಏಳು ತಿಂಗಳಿಗೇ ಬಂದ, ಅಳಲಿಲ್ಲ. ಝಬೆಲ್ ಐದು. ಹ್ರಾಂತ್ ಆರು. ಅನ್ನಿಕ್ ನಾಲ್ಕೇ ತಿಂಗಳು. ದೀಕ್ಷಾಸ್ನಾನ ಆಗದ ಮಕ್ಕಳಿಗೆ ಪಾದ್ರಿ ಹೆಸರಿಡಲ್ಲ. ನಾನೇ ಇಟ್ಕೊಂಡೆ, ಯಾರಿಗೂ ಹೇಳ್ದೆ."

ಆ ನಾಲ್ವರೂ ನನಗೆ ಗೊತ್ತು. ಅಜ್ಜಿಯ ಕಥೆಗಳಲ್ಲಿ ಸರ್ಪದ ಗವಿಗೆ ಹೆದರದೆ ಇಳಿಯುತ್ತಿದ್ದವನು ಮುಶೆಘ್. ಬೆಳದಿಂಗಳನ್ನು ನೂಲುತ್ತಿದ್ದವಳು ಝಬೆಲ್. ಹ್ರಾಂತ್ ಹಕ್ಕಿಗಳ ಮಾತು ಬಲ್ಲವನು, ಅನ್ನಿಕ್ ಅಂಗೈಯಷ್ಟು ಗಾತ್ರದವಳು, ಕಿಸೆಯಲ್ಲಿ ಕೂತು ಹೋಗುತ್ತಿದ್ದಳು. ಅವರನ್ನು ನಾನು ಎಷ್ಟು ಸಲ ಬೊಂಬೆ ಮಾಡಿದ್ದೆ. ಬಣ್ಣ ಹಚ್ಚಿ, ಮಕ್ಕಳ ಮುಂದೆ ಕುಣಿಸಿದ್ದೆ. ಅಜ್ಜಿ ಮೊದಲ ಸಾಲಿನಲ್ಲಿ ಕೂತು ನೋಡಿ ಚಪ್ಪಾಳೆ ತಟ್ಟಿದ್ದಳು.

ಡಾಕ್ಟರ್ ಅಜ್ಜಿಯ ವೃತ್ತದ ಕೆಳಗೆ ನಾಲ್ಕು ಪುಟ್ಟ ಗುರುತು ಹಾಕಿ, ಒಂದೊಂದರ ಮೇಲೂ ಓರೆಗೆರೆ ಎಳೆದರು. ಆಮೇಲೆ ಮೆಲ್ಲಗೆ ಕೇಳಿದರು:

"ಆಗ ನೀವು ಈ ಗುಳಿಗೆ ತಗೋತಿದ್ರಾ?"

"ಯಾವ ಗುಳಿಗೆ? ಆ ಕಾಲಕ್ಕೆ ಇದೆಲ್ಲಿತ್ತು."

"ಆ ಎಲೆ ತಿಂದಿದ್ರಾ?"

"ನಾನೇನು ಕುರಿಯಾ ಮಗಳೇ?"

"ಬಸಿರಲ್ಲಿ ನೋವು ಬಂದಿತ್ತಾ?"

"ಬರದೆ? ಪ್ರತಿ ಸಲ. ಜ್ವರ ಬಂದು, ಹೊಟ್ಟೆ ಉರಿದು, ಮೂರನೇ ದಿನ..."

ಅವಳು ನನ್ನನ್ನು ನೋಡಿದಳು. ಎದೆಗೆ ಎಳೆದುಕೊಂಡ ನನ್ನ ಮೊಣಕಾಲುಗಳನ್ನು, ಬೆವರಿಗೆ ಅಂಟಿದ ನನ್ನ ಕೂದಲನ್ನು. ನಾನು ಬಿದ್ದು ಅದು ಮೂರನೇ ದಿನ. ಜಾಡಿ ಅವಳ ಕೈಯಿಂದ ಜಾರಿ, ನೆಲದ ಮೇಲೆ ಹಸಿರು ಸಾರು ಹರಡಿತು. ಯಾರೂ ಬಗ್ಗಿ ಎತ್ತಲಿಲ್ಲ.

"ಹಾಗಾದ್ರೆ ಆ ನಾಲ್ವರು..." ಎಂದಳು.

"ಆ ನೋವಿನಿಂದಲೇ ಇರಬೇಕು ಅಜ್ಜಿ. ಈ ಗುಳಿಗೆ ಹೂವಿನದೇ, ಸುಳ್ಳು ಹೇಳಲ್ಲ. ಆದ್ರೆ ಕುರಿ ತಿಂದದ್ದು ಹೊಟ್ಟೆ ತುಂಬ, ಇದು ಸಾಸಿವೆಯಷ್ಟೂ ಅಲ್ಲ. ಬಸಿರಿನುದ್ದಕ್ಕೂ ಇದನ್ನ ನುಂಗಿ ಹೆತ್ತವರನ್ನ ನಾನು ಇದೇ ವಾರ್ಡಿಂದ ಮನೆಗೆ ಕಳಿಸಿದೀನಿ. ಅವರ ಮಕ್ಕಳು ಈಗ ಶಾಲೆಗೆ ಹೋಗ್ತಾರೆ. ನಾವು ಹೆದರೋದು ಗುಳಿಗೆಗಲ್ಲ, ಜ್ವರಕ್ಕೆ."

ಈ ಸಲದ ಬೆಂಕಿಯನ್ನು ಗುಳಿಗೆ ಆರಿಸುವುದಿಲ್ಲ, ಅದಕ್ಕೆ ಬೇರೆ ಔಷಧಿ ರಕ್ತಕ್ಕೆ ಹರಿಸುತ್ತೇವೆ, ಬಿಗಿತಕ್ಕೂ ಕೊಡುತ್ತೇವೆ. ಆದರೆ ಇನ್ನೊಂದು ಬೆಂಕಿ ಏಳಬಾರದು, ಆದ್ದರಿಂದ ಗುಳಿಗೆ ಇವತ್ತಿನಿಂದಲೇ, ಎಂದರು. ನರ್ಸ್ ಕಾಗದದ ಬಟ್ಟಲಲ್ಲಿ ತಂದಿಟ್ಟಳು. ಬಿಳಿಯದು. ಮುತ್ತಿನ ಹಾಗೇನೂ ಇರಲಿಲ್ಲ. ಮಧ್ಯದಲ್ಲೊಂದು ಗೀರು.

ನಾನು ಕೈಗೆ ತೆಗೆದುಕೊಂಡೆ. ಕೈ ಬಾಯಿಗೆ ಹೋಗಲಿಲ್ಲ. ಕಣ್ಣು ಅಂಟಿಕೊಂಡ ಹನ್ನೊಂದು ಮರಿಗಳು ಅಂಗೈಯಲ್ಲಿದ್ದವು.

"ಮೊದ್ಲು ನನಗೆ ಕೊಡು," ಎಂದಳು ಅಜ್ಜಿ ಇದ್ದಕ್ಕಿದ್ದಂತೆ. "ನಾನು ನುಂಗ್ತೀನಿ. ನಾಳೆವರೆಗೂ ನೋಡೋಣ. ನಾನು ಸತ್ತರೆ ಸತ್ತೆ, ಎಂಬತ್ತು ವರ್ಷ ಆಯ್ತು, ಸಾಕು. ಸಾಯದೆ ಹೋದ್ರೆ ನೀನು ನುಂಗು."

"ನೀವು ಸತ್ತರೂ ಬದುಕಿದ್ರೂ ಈ ಮಗು ವಿಷಯ ಅದರಿಂದ ಏನೂ ಗೊತ್ತಾಗಲ್ಲ ಅಜ್ಜಿ," ಎಂದರು ಡಾಕ್ಟರ್. "ನಿಮಗೆ ಕೊಡಬೇಕಾದ್ರೂ ಮೊದ್ಲು ರಕ್ತ, ಮೂತ್ರ ನೋಡ್ಬೇಕು. ನಾಝೆಲಿ, ನಿಮ್ಮ ಇಷ್ಟ. ನಾನು ಬಲವಂತ ಮಾಡಲ್ಲ."

ನಾನು ಅಜ್ಜಿಯ ಮುಖ ನೋಡಿದೆ. ಏನಾದರೂ ಹೇಳುತ್ತಾಳೆಂದು. ಹೇಳಲು ಅವಳ ಬಳಿ ಯಾವ ಕಥೆಯೂ ಉಳಿದಿರಲಿಲ್ಲ. ಆ ನಾಲ್ಕು ಗುರುತುಗಳಿದ್ದ ಹಾಳೆ ಡಾಕ್ಟರ ಮೊಣಕಾಲ ಮೇಲೆ ಹಾಗೇ ಇತ್ತು. ಐದನೆಯದಕ್ಕೆ ಅದರಲ್ಲಿ ಜಾಗವಿತ್ತು.

ಕಣ್ಣು ತೆರೆದೇ ನುಂಗಿದೆ, ಬರೀ ನೀರಲ್ಲಿ. ಕಹಿ ನಾಲಿಗೆಯ ಬುಡಕ್ಕೆ ಅಂಟಿಕೊಂಡಿತು. ಇಷ್ಟು ಕಹಿಯನ್ನು ನಾನು ಇಷ್ಟು ವರ್ಷ ನುಂಗಿದ್ದೆನೇ ಎಂದು ದಂಗಾದೆ.

ಫೋನಿನಲ್ಲಿ ಅಜ್ಜಿಯ ಮಾತು ಕೇಳಿಸಿಕೊಂಡು ಮನೆಗೆ ಹೋಗಿದ್ದ ತಾತುಲ್ ಬಂದು ಬಾಗಿಲಲ್ಲೇ ನಿಂತ, ಕೈಯಲ್ಲಿ ಅವಳ ಹಾಸಿಗೆಯ ಕೆಳಗಿನಿಂದ ತೆಗೆದ ಮಾತ್ರೆ ಹಾಳೆಗಳ ಕಟ್ಟು. ಅಜ್ಜಿಯ ಮೇಲೆ ಹರಿಹಾಯಲು ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡು ಬಂದಿದ್ದ. ನೆಲದ ಮೇಲೆ ಮೊಣಕಾಲೂರಿ ತನ್ನ ತಲೆವಸ್ತ್ರದಿಂದ ಸಾರು ಒರೆಸುತ್ತಿದ್ದ ಮುದುಕಿಯನ್ನು ನೋಡಿ, "ಏಳಿ ಅಜ್ಜಿ, ನಾನು ಒರೆಸ್ತೀನಿ," ಎಂದಷ್ಟೇ ಹೇಳಿದ.

ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಜ್ವರ ಇಳಿಯಿತು. ಬಿಗಿತ ಗಂಟೆಗೆ ಎರಡಕ್ಕೆ ಬಂತು, ಆಮೇಲೆ ಒಂದಕ್ಕೆ, ಆಮೇಲೆ ನಾನು ಎಣಿಸುವುದನ್ನೇ ಮರೆತೆ. ಡಾಕ್ಟರ್ ಯೆರನುಹಿ ಸ್ಕ್ಯಾನ್ ಯಂತ್ರವನ್ನು ತಳ್ಳಿಕೊಂಡು ಬಂದು ಹೊಟ್ಟೆಗೆ ತಣ್ಣನೆಯ ಅಂಟು ಸವರಿದರು. ಅಜ್ಜಿ ಪರದೆಯತ್ತ ಬೆನ್ನು ಮಾಡಿ ಕಿಟಕಿಯ ಕಡೆ ನಿಂತಳು. ಮೊದಲು ಬರೀ ಮರಳು ಸುರಿದ ಸದ್ದು. ಆಮೇಲೆ ಎಲ್ಲೋ ಕೆಳಗಿನಿಂದ, ಯಾರೋ ಹೊಲಿಗೆ ಯಂತ್ರದ ಕಾಲುಮಣೆಯನ್ನು ಒಂದೇ ಸಮನೆ ಒತ್ತುತ್ತಿರುವಂತೆ, ಬಿಡದೆ, ಅವಸರವಾಗಿ ಒಂದು ಬಡಿತ ಬಂತು.

"ಇದೆ," ಎಂದರು ಡಾಕ್ಟರ್. "ಚೆನ್ನಾಗೇ ಇದೆ. ಇನ್ನೂ ಹತ್ತು ದಿನ ಇಲ್ಲೇ ಇರಿ. ಇನ್ಮೇಲೆ ಗುಳಿಗೆ ನಿಮ್ಮ ಕೈಯಿಂದ, ನೋಡಿ, ಎಣಿಸಿ."

ಅಜ್ಜಿ ತಿರುಗಲಿಲ್ಲ. ಕಿಟಕಿಯ ಗಾಜಿಗೇ ಕೇಳುವವಳಂತೆ ಕೇಳಿದಳು:

"ಮಗಳೇ, ಒಂದು ಮಾತು. ಸಮಾಧಾನಕ್ಕೆ ಸುಳ್ಳು ಹೇಳಬೇಡ. ಆಗ ಈ ಗುಳಿಗೆ ಇದ್ದು, ನಾನು ನುಂಗಿದ್ದಿದ್ರೆ, ಆ ನಾಲ್ವರು?"

ಡಾಕ್ಟರ್ ನನ್ನ ಹೊಟ್ಟೆಯ ಅಂಟನ್ನು ಬೇಕಾದ್ದಕ್ಕಿಂತ ನಿಧಾನವಾಗಿ ಒರೆಸಿದರು.

"ನಾಲ್ಕೂ ಅಂತ ಹೇಳಲಾರೆ ಅಜ್ಜಿ. ಬೇರೆ ಕಾರಣಾನೂ ಇದ್ದಿರಬಹುದು. ಆದ್ರೆ ಒಬ್ಬಿಬ್ಬರಾದ್ರೂ ಇರ್ತಿದ್ರು ಅಂತ ನನಗನ್ನಿಸುತ್ತೆ."

ಅಜ್ಜಿ ತಲೆಯಾಡಿಸಿದಳು. ಹೊರಗೆ, ಎಲೆಯುದುರಿದ ಮರಗಳ ಆಚೆ ಹೋಗುತ್ತಿದ್ದ ಬಸ್ಸುಗಳನ್ನು ನೋಡಿದಳು.

"ಮುಶೆಘ್‌ಗೆ ಈ ಚಳಿಗಾಲಕ್ಕೆ ಅರವತ್ತು ತುಂಬ್ತಿತ್ತು," ಎಂದಳು.

ಅಜ್ಜಿಯ ಕಥೆಗಳಲ್ಲಿ ನಾನು ಅವನನ್ನು ಎಂದೂ ಹತ್ತು ವರ್ಷದ ಹುಡುಗನಲ್ಲದೆ ಬೇರೆಯಾಗಿ ಕಂಡಿರಲಿಲ್ಲ. ಈಗ ಆ ಕಿಟಕಿಯ ಬಳಿ, ತಾಯಿಯ ಪಕ್ಕದಲ್ಲಿ, ಕೂದಲು ನರೆತ ಒಬ್ಬ ದಪ್ಪ ಗಂಡಸು ಕೋಟಿನ ಗುಂಡಿ ಹಾಕಿಕೊಳ್ಳುತ್ತ ನಿಂತಿದ್ದ. ಅವನ ಮುಖ ಹೇಗಿತ್ತೆಂದು ನನಗೆ ಕಾಣಲಿಲ್ಲ.